ಏಳೂವರೆ

ಕೌಲ್ ಬಜಾರಿನ ಈ ಓಣಿಯಲ್ಲಿ
ಕೆಳಗೆ ಹನ್ನೊಂದು ಹೊಲಿಗೆ ಯಂತ್ರ, ಮೇಲೆ ನಾನು.
ಒಂಬತ್ತಕ್ಕೆ ಜೀನ್ಸಿನ ದಪ್ಪ ಬಟ್ಟೆಗೆ ಸೂಜಿ ಇಳಿದರೆ
ನನ್ನ ಡಬ್ಬಿಯ ಟರ್ಪೆಂಟೈನು ಸಣ್ಣಗೆ ಸುಕ್ಕಾಗುತ್ತದೆ,
ಉಕ್ಕುವ ಮೊದಲಿನ ಹಾಲಿನ ಹಾಗೆ.

ಬಾಡಿಗೆಗೆ ಕೊಡುವಾಗ ಸೇಠು ಇದನ್ನು ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ. ಉತ್ತರಕ್ಕೊಂದು ಕಿಟಕಿ ಇತ್ತು,
ಅಷ್ಟೇ ನೋಡಿದ್ದೆ.

ಅದಕ್ಕೇ ನನ್ನ ನೇರ ಗೆರೆಗಳೆಲ್ಲ
ಕರೆಂಟು ಹೋದಾಗಿನವು.
ಓಣಿಗೆ ಓಣಿಯೇ ಬೈಯುವ ಹೊತ್ತಿಗೆ
ಉಸಿರು ಬಿಗಿಹಿಡಿದು ಮೂರೆಳೆಯ ಕುಂಚ ಎತ್ತಿಕೊಳ್ಳುತ್ತೇನೆ:
ಬಂಡೆಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆಯ ಅಂಚು,
ಕಂಬದಿಂದ ಕಂಬಕ್ಕೆ ತಂತಿ,
ತೊಳೆದು ಒಣಹಾಕಿದ ಪ್ಯಾಂಟುಗಳ ಹಗ್ಗ.
ಕರೆಂಟು ಬಂತೋ, ಹೊಗೆ, ಬೇವಿನೆಲೆ, ಮುದುಕಿಯ ಕೂದಲು;
ನಡುಗಿದರೂ ನಡೆಯುವಂಥವು.

ಪ್ರದರ್ಶನ ಧಾರವಾಡದಲ್ಲಿ, ಹದಿನೆಂಟಕ್ಕೆ.
ಎಂಟು ಚಿತ್ರ ಅಂತ ಬರೆದುಕೊಟ್ಟಿದ್ದೇನೆ,
ಯಾವ ಧೈರ್ಯದ ಮೇಲೋ.

ಖಾಸಿಂಸಾಬ್ ಚೌಕಟ್ಟು ತಂದ. ಮೊದಲು ಗೇಣಿನಿಂದ ಅಳೆದ,
ಆಮೇಲೆ ಟೇಪಿನಿಂದ, ಆಮೇಲೆ ನನ್ನ ಮುಖ ನೋಡಿದ.
‘ಕಟ್ಟಿಗಿ ಸರಿ ಐತ್ರಿ. ಚಿತ್ರನೇ ಸೊಟ್ಟ.’
ಗುಣಿಯಿಟ್ಟು ನೋಡಿದೆ. ಕಾಲಿಂಚು. ಹೌದು.
ನಾಲ್ಕು ತಿಂಗಳು ದಿಟ್ಟಿಸಿದ ಕಣ್ಣು
ಅಷ್ಟನ್ನು ನುಂಗಿಕೊಂಡಿತ್ತು.

ಹುಲಿಗೆಮ್ಮ ಊಟದ ಬಿಡುವಿನಲ್ಲಿ ಮೇಲೆ ಬರುತ್ತಾಳೆ.
ಕೆಳಗೆ ಅವಳದು ಪ್ಯಾಂಟಿನ ದಾರ ಕತ್ತರಿಸುವ ಕೆಲಸ,
ಒಂದಕ್ಕೆ ಒಂದೂವರೆ ರೂಪಾಯಿ.
ರೊಟ್ಟಿ ಬಿಚ್ಚಿ, ಶೇಂಗಾ ಚಟ್ನಿಯ ಬೆರಳಲ್ಲೇ
ನನ್ನ ಪಟ್ಟಿ ಎಳೆದುಕೊಂಡು ಓದಿದಳು.
ಹೆಸರಿಲ್ಲದ್ದು ಒಂದು. ಹೆಸರಿಲ್ಲದ್ದು ಎರಡು.
‘ಹೆಸರಿಡದೆ ಯಾರನ್ನಾದ್ರೂ ಊರಿಗೆ ಕಳಿಸ್ತಾರೇನಕ್ಕಾ?’
ಹಗ್ಗದ ಮೇಲಿನ ಪ್ಯಾಂಟುಗಳಿಗೆ ಅವಳೇ ಇಟ್ಟಳು:
‘ಸೊಂಟ ಇಲ್ದೋರು’.
ಬರೆದುಕೊಂಡೆ.

ಪಕ್ಕದ ಸಾಲಿನಲ್ಲಿ ಬೆಲೆ. ಇಪ್ಪತ್ತೆರಡು ಸಾವಿರದ ಐನೂರು.
ತುಟಿಯಲ್ಲೇ ಎಣಿಸಿದಳು.
‘ಹದಿನೈದು ಸಾವಿರ ಪ್ಯಾಂಟು.
ನನ್ನ ಕೈಗೆ ನೂರು ದಿನ. ನಿನಗೆಷ್ಟು ಹಿಡೀತು?’
ಹೊಟ್ಟೆಕಿಚ್ಚಿರಲಿಲ್ಲ ಆ ದನಿಯಲ್ಲಿ, ಬರೀ ಲೆಕ್ಕ.
ಹತ್ತೊಂಬತ್ತು ಅನ್ನಲು ನಾಲಿಗೆ ಏಳಲಿಲ್ಲ.
ತೊಳೆದ ಕುಂಚವನ್ನೇ ಮತ್ತೆ ತೊಳೆದೆ.

ಎಂಟನೆಯದು ಅವಳ ಕೈಗಳು.
ಕತ್ತರಿಯ ಕಣ್ಣಿನಲ್ಲಿ ಹೆಬ್ಬೆರಳು,
ನೀಲಿ ಕೂತ ಉಗುರು, ಹಿಂದೆ ಕತ್ತಲೆ.
ಕತ್ತಲೆಗೆ ಕರಿಬಣ್ಣ ದಪ್ಪಗೆ ಬಳಿದದ್ದು ನನ್ನ ತಪ್ಪು.
ತಾಸಿನಲ್ಲಿ ಹಪ್ಪಳ ಒಣಗಿಸುವ ಊರು ಇದು,
ಬಳ್ಳಾರಿಯ ಬಿಸಿಲಿಗೂ ಬಗ್ಗದು ಕಪ್ಪೆಣ್ಣೆ.
ಮಾಳಿಗೆಗೆ ಒಯ್ದೆ, ಮೇಲೆ ತೆಳು ಪಂಚೆ ಕಟ್ಟಿದೆ;
ಲಾರಿಗಳ ಕೆಂಧೂಳು ಪಂಚೆಯನ್ನೂ ಜರಡಿ ಹಿಡಿಯಿತು.
ಇಳಿಸಿದೆ. ಫ್ಯಾನು ಹಚ್ಚಿದೆ. ಸಂಜೆಗೆ ಮುಟ್ಟಿದೆ:
ಕತ್ತಲೆಯ ನಡುವೆ ನನ್ನ ಬೆರಳಿನ ಗುರುತು.

ಹದಿನಾರರ ರಾತ್ರಿ ಯಂತ್ರ ನಿಂತ ಮೇಲೆ
ಬಣ್ಣಗೆಟ್ಟು ವಾಪಸಾದ ಬಟ್ಟೆಯ ಥಾನು ಹೊತ್ತು ತಂದು
ಒಂದೊಂದೇ ಚಿತ್ರಕ್ಕೆ ಅಂಗಿ ಹೊಲಿದಳು ಹುಲಿಗೆಮ್ಮ,
ಅಂಚಿಗೆ ಜೋಡಿ ಹೊಲಿಗೆ, ಮೂಲೆಗೆ ತಾಮ್ರದ ಗುಂಡಿ.
ಉಳಿದ ದಾರ ಹಲ್ಲಲ್ಲಿ ಕಡಿದಳು.
ಕತ್ತರಿ ದುಡ್ಡಿನ ಕೆಲಸಕ್ಕಂತೆ.
ಏಳಾಯಿತು.

ಹಸಿಯಿರುವ ಎಂಟನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು
ತನ್ನ ಕೈ ನೋಡಿದಳು, ಚಿತ್ರದ ಕೈ ನೋಡಿದಳು.
‘ಇವು ಇಲ್ಲೇ ಇರ್ಲಿ ಬಿಡಕ್ಕಾ.
ನಾಳೆ ಆರಕ್ಕೇ ಪಾಳಿ ಐತಿ.’

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಬ್ಯಾಟರಿ ಬಿಟ್ಟು ನೋಡಿದ.
‘ಏನಮ್ಮ ಇವು, ಪ್ಯಾಂಟಿನ ಮಾಲಾ?’
ಚಿತ್ರ ಅಂದೆ.
ನಂಬಿದನೋ ಇಲ್ಲವೋ, ಎತ್ತಿ ತೂಗಿ
ಮೂವತ್ತೊಂದು ಕೆಜಿಗೆ ಲಗೇಜು ಚೀಟಿ ಹರಿದ.
ಇಂಜಿನ್ನು ಶುರುವಾಯಿತು.
ಕಿಟಕಿಯ ಗಾಜು, ಮಡಿಲ ಮೇಲಿನ ಪಟ್ಟಿ, ಪೆನ್ನಿನ ತುದಿ
ಎಲ್ಲ ನಡುಗುವಾಗಲೇ
ಎಂಟನ್ನು ಹೊಡೆದು ಏಳು ಮಾಡಿದೆ.
ಗೆರೆ ಸೊಟ್ಟಗೆ ಬಿತ್ತು.